ಕಡಲು ದಾಟಿದವರು, ಗಡಿ ದಾಟದವರು

‘ಚೋಮನ ದುಡಿ’ಯ ಪಾಠ ಮುಗಿದ ದಿನ ತರಗತಿಯಲ್ಲಿ ಒಂದು ಪ್ರಶ್ನೆ ಎದ್ದಿತು. ಕೇಳಿದವಳು ವರ್ಕಾಡಿಯಿಂದ ಬರುವ ವಿದ್ಯಾರ್ಥಿನಿ. “ಸರ್, ಚೋಮನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುವ ಬದಲು ಹಡಗು ಹತ್ತಿದ್ದರೆ ದುಡಿಯನ್ನು ಜೊತೆಯಲ್ಲಿ ಒಯ್ಯುತ್ತಿದ್ದರೇ?” ಕೆಲವರು ನಕ್ಕರು. ಗಂಟೆ ಬಾರಿಸಿತು. ಉತ್ತರ ಹೇಳುವ ಕಷ್ಟದಿಂದ ನಾನು ಪಾರಾದೆನೆಂದು ಅಂದು ಭಾವಿಸಿದ್ದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನೂ ವರ್ಕಾಡಿಯವನೇ. ನನ್ನ ಬಾಲ್ಯದಲ್ಲಿ ಹಿರಿಯರ ಮಾತಿನ ನಡುವೆ “ಘಟ್ಟಕ್ಕೆ ಹೋದವರು” ಎಂಬೊಂದು ನುಡಿ ಆಗಾಗ ಬರುತ್ತಿತ್ತು. ಹೋದವರು ಎಂದರೆ ಮರಳಿ ಬಾರದವರು ಎಂದೇ ಅದರ ಅರ್ಥವಾಗಿತ್ತು. ಅವರು ಏನನ್ನು ಒಯ್ದರು, ಏನನ್ನು ಬಿಟ್ಟುಹೋದರು ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ. ಈ ಲೇಖನ ಆ ವಿದ್ಯಾರ್ಥಿನಿಗೆ ತಡವಾಗಿ ಸಲ್ಲಿಸುತ್ತಿರುವ ಉತ್ತರ.

ಮೊದಲು ಹಡಗು ಹತ್ತಿದವರ ಕಥೆಯನ್ನು ನೋಡೋಣ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಕಾಯಿದೆ 1833ರಲ್ಲಿ ಅಂಗೀಕೃತವಾಗಿ ಮರುವರ್ಷ ಜಾರಿಗೆ ಬಂದಿತು. ಕಬ್ಬಿನ ತೋಟಗಳ ಒಡೆಯರಿಗೆ ಕೆಲಸಗಾರರು ಬೇಕಾಗಿದ್ದರು. ಬರಗಾಲ, ಸಾಲ ಮತ್ತು ಜಾತಿಯ ಬವಣೆಗಳಿಂದ ತತ್ತರಿಸುತ್ತಿದ್ದ ಭಾರತದ ಹಳ್ಳಿಗಳು ಅವರ ಕಣ್ಣಿಗೆ ಬಿದ್ದವು. 1834ರಲ್ಲಿ ಮಾರಿಷಸ್, 1838ರಲ್ಲಿ ಬ್ರಿಟಿಷ್ ಗಯಾನಾ, 1845ರಲ್ಲಿ ಟ್ರಿನಿಡಾಡ್, 1860ರಲ್ಲಿ ದಕ್ಷಿಣ ಆಫ್ರಿಕದ ನೆಟಾಲ್, 1873ರಲ್ಲಿ ಡಚ್ಚರ ಸುರಿನಾಮ್, 1879ರಲ್ಲಿ ಫಿಜಿ ಎಂಬಂತೆ ಒಂದೊಂದು ನಾಡಿಗೂ ಕರಾರಿನ ಕೂಲಿಗಳ ಹಡಗುಗಳು ಸಾಗಿದವು. ಸಾಮಾನ್ಯವಾಗಿ ಐದು ವರ್ಷಗಳ ಕರಾರು. ‘ಅಗ್ರಿಮೆಂಟ್’ ಎಂಬ ಪದ ಓದುಬರಹ ಬಾರದವರ ನಾಲಗೆಯಲ್ಲಿ ‘ಗಿರ್ಮಿಟ್’ ಆಯಿತು; ಅದಕ್ಕೆ ಹೆಬ್ಬೆಟ್ಟೊತ್ತಿದವರು ‘ಗಿರ್ಮಿಟಿಯ’ರಾದರು. ಹೊಸ ಕೂಲಿಗಳ ರವಾನೆ 1917ರಲ್ಲಿ ನಿಂತಿತು. ಫಿಜಿಯಲ್ಲಿ ಉಳಿದಿದ್ದ ಕರಾರುಗಳು 1920ರ ಜನವರಿ 1ರಂದು ರದ್ದಾದವು. ಫಿಜಿಯೊಂದಕ್ಕೇ ಸುಮಾರು 60,000 ಜನರು ಹೋಗಿದ್ದರು. ಅಲ್ಲಿ ಸ್ವತಃ ಗಿರ್ಮಿಟಿಯನಾಗಿದ್ದ ತೋತಾರಾಮ್ ಸನಾಢ್ಯರು ತಮ್ಮ 21 ವರ್ಷಗಳ ಅನುಭವವನ್ನು ಹಿಂದಿಯಲ್ಲಿ ದಾಖಲಿಸಿದ ಪುಸ್ತಕವು 1914ರಲ್ಲಿ ಪ್ರಕಟವಾಗಿ, ಕರಾರು ಪದ್ಧತಿಯ ವಿರುದ್ಧ ದೇಶದ ಮನಸ್ಸನ್ನು ಎಚ್ಚರಿಸಿತು.

ಮದರಾಸು ಬಂದರಿನಿಂದ ಹೊರಟವರಲ್ಲಿ ತಮಿಳರು ಮತ್ತು ತೆಲುಗರೇ ಬಹುಸಂಖ್ಯಾತರು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಬಡವರ ಶ್ರಮವು ಕಡಲಿಗಿಂತ ಹೆಚ್ಚಾಗಿ ಘಟ್ಟದ ಕಡೆಗೆ ಹರಿಯಿತು. ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಮೇಸ್ತ್ರಿಗಳು ಆಳುಗಳನ್ನು ಒಯ್ಯುತ್ತಿದ್ದರು. ಮುಂಗಡ ಹಣ, ತೀರದ ಸಾಲ, ತೋಟದ ರೈಟರನ ಪುಸ್ತಕ, ಮಲೆನಾಡಿನ ಚಳಿಜ್ವರ: ಇವು ಅಲ್ಲಿನ ಜೀವನದ ನಾಲ್ಕು ಮೂಲೆಗಳು. 1859ರ ಕಾಯಿದೆಯೊಂದರ ಪ್ರಕಾರ ಮುಂಗಡ ಪಡೆದ ಕೆಲಸಗಾರ ಕೆಲಸ ಬಿಟ್ಟು ಹೋದರೆ ಸೆರೆವಾಸಕ್ಕೂ ಗುರಿಯಾಗಬಹುದಾಗಿತ್ತು. ಕಡಲಾಚೆಯ ಗಿರ್ಮಿಟಿಗೂ ಘಟ್ಟದ ಮುಂಗಡಕ್ಕೂ ದೂರದಲ್ಲಿ ವ್ಯತ್ಯಾಸವಿತ್ತು, ಅವಧಿಯಲ್ಲಿ ವ್ಯತ್ಯಾಸವಿತ್ತು. ಬಡವನ ಮೈಯನ್ನು ಕಾಗದದ ಲೆಕ್ಕಕ್ಕೆ ಕಟ್ಟಿಹಾಕುವ ಉಪಾಯ ಮಾತ್ರ ಎರಡರಲ್ಲೂ ಒಂದೇ. 1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ ಇದನ್ನೇ ಹೇಳುತ್ತದೆ. ತೋಟದ ಸಾಲ ತೀರಿಸಲು ಹೋದ ಚೋಮನ ಮಕ್ಕಳಲ್ಲಿ ಒಬ್ಬ ಜ್ವರಕ್ಕೆ ಬಲಿಯಾಗುತ್ತಾನೆ. ಇನ್ನೊಬ್ಬ ತೋಟದಲ್ಲೇ ಮದುವೆಯಾಗಿ, ಬೇರೊಂದು ಮತವನ್ನು ಸ್ವೀಕರಿಸಿ, ಅಲ್ಲಿಯೇ ನಿಲ್ಲುತ್ತಾನೆ. ಈ ಕಾದಂಬರಿಯನ್ನು ನಾವು ಅಸ್ಪೃಶ್ಯತೆಯ ಕಥೆಯೆಂದು ಓದುತ್ತೇವೆ, ಅದು ಸರಿ. ಆದರೆ ಅದು ವಲಸೆ ಕೂಲಿಯ ಕಥೆಯೂ ಹೌದೆಂಬುದನ್ನು ನಮ್ಮ ಪಾಠಗಳು ಮರೆಯುತ್ತವೆ.

ಮಾರಿಷಸ್ಸಿನ ರಾಜಧಾನಿಯಲ್ಲಿ ಕೂಲಿಗಳು ಹಡಗಿನಿಂದಿಳಿದ ಬಂದರುಕಟ್ಟೆಯನ್ನು ‘ಆಪ್ರವಾಸಿ ಘಾಟ್’ ಎಂದು ಕರೆಯುತ್ತಾರೆ. 2006ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ‘ಘಾಟ್’ ಮತ್ತು ‘ಘಟ್ಟ’ ಒಂದೇ ಮೂಲದ ಪದಗಳೆಂಬುದು ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸತಲ್ಲ. ಅವರ ಘಾಟಿನ ಮೆಟ್ಟಿಲುಗಳು ಇಂದು ಪೂಜ್ಯವಾಗಿವೆ. ನಮ್ಮ ಘಟ್ಟ ಹತ್ತಿದವರಿಗೆ ಒಂದು ಕಲ್ಲೂ ಇಲ್ಲ. ಇರುವುದು ಒಂದು ಕಾದಂಬರಿ.

ಹೀಗೆ ಕಡಲು ದಾಟಿದವರು ತಮ್ಮ ಸಂಪ್ರದಾಯಗಳನ್ನು ಹೇಗೆ ಉಳಿಸಿಕೊಂಡರು? ಸಾಮಾನ್ಯವಾಗಿ ಇದಕ್ಕೆ ಸಿಗುವ ಉತ್ತರ, ಅವರು ತಮ್ಮ ಸಂಸ್ಕೃತಿಯನ್ನು ಎದೆಯೊಳಗೆ ಬಚ್ಚಿಟ್ಟುಕೊಂಡು ಹೋದರು ಎಂಬುದು. ಈ ಮಾತು ಭಾವುಕವಾಗಿದೆ, ಆದರೆ ನಿಜವಲ್ಲ. ಬಚ್ಚಿಟ್ಟದ್ದು ಉಳಿಯಲಿಲ್ಲ; ಹೊರಗೆ ತೆಗೆದು ದಿನವೂ ಬಳಸಿದ್ದು ಉಳಿಯಿತು. ಮಾರಿಷಸ್ಸಿನ ತೋಟಗಳಲ್ಲಿ ‘ಬೈಠಕ’ ಎಂಬ ವ್ಯವಸ್ಥೆಯಿತ್ತು. ದಿನವಿಡೀ ಕಬ್ಬು ಕಡಿದವರು ಸಂಜೆ ಒಂದು ಹುಲ್ಲು ಮಾಡಿನ ಕೆಳಗೆ ಸೇರುತ್ತಿದ್ದರು. ಅಕ್ಷರ ಬಲ್ಲವನೊಬ್ಬ ತುಲಸೀದಾಸರ ರಾಮಾಯಣವನ್ನು ಓದುತ್ತಿದ್ದನು. ಮಕ್ಕಳು ಅಲ್ಲೇ ಅಕ್ಷರ ಕಲಿಯುತ್ತಿದ್ದರು. ಊರಿನ ಜಗಳಗಳು ಅಲ್ಲೇ ತೀರ್ಮಾನವಾಗುತ್ತಿದ್ದವು. ಅದು ದೇವಸ್ಥಾನವೂ ಹೌದು, ಶಾಲೆಯೂ ಹೌದು, ಪಂಚಾಯತಿಯೂ ಹೌದು. ಅದನ್ನು ನಡೆಸಿದ್ದು ಕೂಲಿಗಳ ಚಿಲ್ಲರೆ ಕಾಸು. ಫಿಜಿಯಲ್ಲಿ ಕರಾರು ಮುಗಿದು ಆರು ವರ್ಷಗಳಾಗುವಷ್ಟರಲ್ಲಿ, 1926ರಲ್ಲಿ, ದಕ್ಷಿಣ ಭಾರತೀಯರು ‘ದೆನ್ ಇಂಡಿಯಾ ಸನ್ಮಾರ್ಗ ಐಕ್ಯ ಸಂಗಮ’ವನ್ನು ಕಟ್ಟಿ ಶಾಲೆಗಳನ್ನು ತೆರೆದರು. ನಿನ್ನೆ ತನಕ ಹೆಬ್ಬೆಟ್ಟೊತ್ತುತ್ತಿದ್ದವರು ಮಕ್ಕಳಿಗೆ ಶಾಲೆ ಕಟ್ಟಿದರೆಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಹೆಂಗಸರ ಪಾಲು ಇದರಲ್ಲಿ ದೊಡ್ಡದು. ಮಾರಿಷಸ್ಸಿನ ಭೋಜಪುರಿ ಹೆಂಗಸರು ಮದುವೆಗೆ ಮುಂಚೆ ಸೇರಿ ಹಾಡುವ ‘ಗೀತ್ ಗವಾಯಿ’ಯನ್ನು ಯುನೆಸ್ಕೊ 2016ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಧೋಲಕಿನ ಜೊತೆಗೆ ಅಡುಗೆಮನೆಯ ತಂಬಿಗೆ, ಚಮಚಗಳೂ ಅಲ್ಲಿ ವಾದ್ಯಗಳಾಗುತ್ತವೆ. ಶಾಸ್ತ್ರ, ಪುರೋಹಿತ, ಮಂದಿರ ಯಾವುದೂ ಇಲ್ಲದ ಕಡೆಯೂ ಹಾಡು ಬದುಕಿತೆಂದರೆ, ಅದಕ್ಕೆ ಒಂದು ಕೆಲಸವಿತ್ತು: ಹಾಡದೆ ಮದುವೆಯಿಲ್ಲ. ಪಕ್ಕದ ಶ್ರೀಲಂಕೆಯ ಚಹಾ ತೋಟಗಳಲ್ಲಿ ತಮಿಳು ಕಾರ್ಮಿಕರು ‘ಕಾಮನ್ ಕೂತ್ತು’ವನ್ನು ಆಡಿಕೊಂಡು ಬಂದರು. ನಮ್ಮ ಬಯಲಾಟದ ಹಾಗೆ ಊರಿಗೆ ಊರೇ ಸೇರುವ ಆಟವದು. ಎಲ್ಲ ಕಡೆಯೂ ಕಾಣುವ ನಿಯಮ ಒಂದೇ. ಯಾವ ಸಂಪ್ರದಾಯದಲ್ಲಿ ಪ್ರತಿಯೊಬ್ಬನಿಗೂ ಒಂದು ಪಾತ್ರ, ಒಂದು ಹೊಣೆ ಇತ್ತೋ ಅದು ಉಳಿಯಿತು. ಕೇವಲ ನೋಡುವ, ಮೆಚ್ಚುವ, ಹೆಮ್ಮೆಪಡುವ ಸಂಗತಿಯಾದದ್ದು ಅಳಿಯಿತು.

ಉಳಿದದ್ದು ಬದಲಾಗಿಯೇ ಉಳಿಯಿತೆಂಬುದನ್ನೂ ಒಪ್ಪಿಕೊಳ್ಳಬೇಕು. ಹಡಗಿನಲ್ಲಿ ಒಂದೇ ಪಾತ್ರೆಯ ಅನ್ನ ಉಂಡವರು ಜಾತಿಯ ಅಂತರಗಳನ್ನು ಹಳೆಯ ರೀತಿಯಲ್ಲಿ ಕಾಪಾಡಿಕೊಳ್ಳಲಾಗಲಿಲ್ಲ. ‘ಜಹಾಜಿ ಭಾಯಿ’, ಅಂದರೆ ಹಡಗಿನ ಅಣ್ಣತಮ್ಮ, ಎಂಬ ಹೊಸ ನೆಂಟಸ್ತಿಕೆಯೇ ಅಲ್ಲಿ ಹುಟ್ಟಿತು. ಟ್ರಿನಿಡಾಡಿನಲ್ಲಿ ಮೊಹರಮ್ಮಿನ ‘ಹೋಸೆ’ ಮೆರವಣಿಗೆಯಲ್ಲಿ ಮುಸ್ಲಿಮರೊಂದಿಗೆ ಹಿಂದೂ ಕೂಲಿಗಳೂ ನಡೆದರು. 1884ರ ಅಕ್ಟೋಬರ್ 30ರಂದು ಅಲ್ಲಿನ ಸರ್ಕಾರ ಆ ಮೆರವಣಿಗೆಯ ಮೇಲೆ ಗುಂಡು ಹಾರಿಸಿದಾಗ ಸತ್ತವರಲ್ಲೂ ಗಾಯಗೊಂಡವರಲ್ಲೂ ಎರಡೂ ಮತದವರಿದ್ದರು. ಫಿಜಿಯಲ್ಲಿ ಭೋಜಪುರಿ, ಅವಧಿ ಮೊದಲಾದ ನುಡಿಗಳು ಬೆರೆತು ‘ಫಿಜಿ ಬಾತ್’ ಎಂಬ ಹೊಸ ಹಿಂದಿಯಾದವು. ತಮಿಳರೂ ತೆಲುಗರೂ ಅದನ್ನು ಕಲಿತರು. ಯಾರ ತಾಯಿನುಡಿಯೂ ಅಲ್ಲದಿದ್ದ ಆ ಮಾತು ಎಲ್ಲರ ಮಕ್ಕಳ ತಾಯಿನುಡಿಯಾಯಿತು. ಶುದ್ಧಿಯ ಹಟ ಹಿಡಿದಿದ್ದರೆ ಇವುಗಳಲ್ಲಿ ಒಂದೂ ನಮ್ಮ ಕಾಲದವರೆಗೆ ಬರುತ್ತಿರಲಿಲ್ಲ.

ಇನ್ನು ವರ್ಕಾಡಿಗೆ ಬರೋಣ. ಇಲ್ಲಿ ಯಾರೂ ಹಡಗು ಹತ್ತಲಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಹಿಂದಿನ ರಾತ್ರಿ ಮಲಗಿದ ಮನೆಯಲ್ಲೇ ನಮ್ಮ ಹಿರಿಯರು ಮರುದಿನ ಬೆಳಗ್ಗೆ ಎದ್ದರು. ಎದ್ದಾಗ ರಾಜ್ಯ ಬೇರೆಯಾಗಿತ್ತು. ಕಡಲಾಚೆಯವರು ಮನೆ ಬಿಟ್ಟು ಭಾಷೆಯನ್ನು ಒಯ್ದರು. ನಮ್ಮವರು ಮನೆಯಲ್ಲೇ ಉಳಿದರು, ಆಡಳಿತದ ಭಾಷೆ ಅವರಿಂದ ಸರಿದುಹೋಯಿತು. 1967ರಲ್ಲಿ ವರದಿ ಸಲ್ಲಿಸಿದ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ. 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು, 2014ರಲ್ಲಿ ಮಂಜೇಶ್ವರ ತಾಲೂಕಾಯಿತು. ಮಜೀರ್ಪಳ್ಳದಿಂದ ಮುಡಿಪಿನ ಕಡೆಗೆ ಹೋಗುವ ದಾರಿಯಲ್ಲಿ ಗಡಿಯನ್ನು ದಾಟುವವರಿಗೆ ಮಣ್ಣಿನ ಬಣ್ಣದಲ್ಲಾಗಲಿ, ಅಡಕೆ ತೋಟಗಳಲ್ಲಾಗಲಿ, ಜನರ ಮಾತಿನಲ್ಲಾಗಲಿ ವ್ಯತ್ಯಾಸ ತೋರುವುದಿಲ್ಲ. ಬದಲಾಗುವುದು ಫಲಕಗಳ ಲಿಪಿ, ಪಾಠಪುಸ್ತಕ ಮತ್ತು ಅರ್ಜಿಯ ನಮೂನೆ.

ಈ ಹೋಲಿಕೆಗೆ ಒಂದು ಮಿತಿಯಿದೆ. ಕಬ್ಬಿನ ತೋಟದಲ್ಲಿ ಚಾವಟಿಯ ಏಟು ತಿಂದವರ ಸಂಕಟಕ್ಕೂ ಗಡಿನಾಡಿನ ನಮ್ಮ ಅಳಲಿಗೂ ಸಮಾನತೆಯನ್ನು ಕಲ್ಪಿಸುವುದು ಅನ್ಯಾಯ. ನಾವು ನಮ್ಮ ಊರಿನಲ್ಲಿದ್ದೇವೆ, ಮತದಾನ ಮಾಡುತ್ತೇವೆ, ಸಂವಿಧಾನದ ರಕ್ಷಣೆ ನಮಗಿದೆ. ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ಕೇರಳದ ಭೂಸುಧಾರಣೆಯಿಂದಾಗಿ 1970ರ ಜನವರಿ 1ರಿಂದ ಇಲ್ಲಿಯ ಗೇಣಿದಾರರು ಭೂಮಿಯ ಹಕ್ಕು ಪಡೆದರು. ಪರರ ನೆಲದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೂ ಪಂಚಾಯತಿಗಳಲ್ಲಿ 10 ಸೆಂಟ್ಸ್ ವರೆಗೆ ನೆಲದ ಹಕ್ಕು ದೊರೆಯಿತು. ಹೊಲ ಉಳುವ ಆಸೆಯೊಂದಕ್ಕಾಗಿ ಬದುಕನ್ನೆಲ್ಲ ಸವೆಸಿದ ಚೋಮನಂಥವರ ಮೊಮ್ಮಕ್ಕಳಿಗೆ 1956 ಕೇವಲ ನಷ್ಟದ ವರ್ಷವಲ್ಲ. ‘ನಾವು ಕಳೆದುಕೊಂಡೆವು’ ಎನ್ನುವಾಗ ಆ ‘ನಾವು’ ಯಾರೆಂಬುದನ್ನು ಕೇಳಿಕೊಳ್ಳುವ ಪ್ರಾಮಾಣಿಕತೆ ಕನ್ನಡದ ವಿದ್ಯಾರ್ಥಿಗಳಲ್ಲಿ ಇರಬೇಕು.

ಈ ಮಿತಿಯೊಳಗೂ ಹೋಲಿಕೆ ನಮಗೆ ಎರಡು ಪಾಠಗಳನ್ನು ಹೇಳುತ್ತದೆಂದು ನನ್ನ ಅಭಿಪ್ರಾಯ.

ಮೊದಲನೆಯದು, ಕನ್ನಡ ಇಲ್ಲಿ ಯಾರದು ಎಂಬ ಪ್ರಶ್ನೆಗೆ ಸಂಬಂಧಿಸಿದ್ದು. ವರ್ಕಾಡಿಯ ಒಂದು ದಿನದ ಮಾತುಗಳನ್ನು ಕಿವಿಗೊಟ್ಟು ಕೇಳಿ. ಬಸ್ಸಿನಲ್ಲಿ ತುಳು, ಅಂಗಡಿಯಲ್ಲಿ ಬ್ಯಾರಿ ಮತ್ತು ಮಲಯಾಳ, ಕ್ರೈಸ್ತರ ಮನೆಗಳಲ್ಲಿ ಕೊಂಕಣಿ, ಕೆಲವು ತೋಟದ ಮನೆಗಳಲ್ಲಿ ಹವ್ಯಕ ಕನ್ನಡ, ಇನ್ನು ಕೆಲವು ಮನೆಗಳಲ್ಲಿ ಮರಾಠಿ. ಕನ್ನಡವನ್ನು ಮನೆಯಲ್ಲಿ ಆಡುವವರು ಇಲ್ಲಿ ಎಲ್ಲರೂ ಅಲ್ಲ. ಹಾಗಿದ್ದರೂ ಶಾಲೆಗೆ ಹೋಗುವಾಗ, ಮದುವೆಯ ಕಾಗದ ಅಚ್ಚು ಹಾಕಿಸುವಾಗ, ಪತ್ರಿಕೆ ಓದುವಾಗ, ಬಯಲಾಟ ನೋಡುವಾಗ ಇವರಲ್ಲಿ ಹೆಚ್ಚಿನವರು ತಲೆಮಾರುಗಳಿಂದ ಕನ್ನಡಕ್ಕೆ ಬಂದಿದ್ದಾರೆ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. 1949ರಲ್ಲಿ ಮದರಾಸು ಸರ್ಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿದ್ದು ಕನ್ನಡದ ಕವಿಯಾಗಿ. ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಕಾಸರಗೋಡಿನ ಕನ್ನಡ ಹೋರಾಟಕ್ಕೆ ನೂರು ವರ್ಷಗಳ ತಮ್ಮ ಬಾಳಿನ ಬಹುಪಾಲನ್ನು ತೆತ್ತವರು ಅವರು. ಇವರಿಗೆ ಕನ್ನಡ ಹುಟ್ಟಿನಿಂದ ಬಂದ ಆಸ್ತಿಯಾಗಿರಲಿಲ್ಲ, ದುಡಿದು ಗಳಿಸಿದ ಸ್ವತ್ತಾಗಿತ್ತು. ಫಿಜಿಯ ತಮಿಳನಿಗೂ ಭೋಜಪುರಿಯವನಿಗೂ ನಡುವೆ ಹಿಂದಿ ಹೇಗೆ ಕೂಡಿ ಬಾಳುವ ನುಡಿಯಾಯಿತೋ ಹಾಗೆ ನಮ್ಮಲ್ಲಿ ತುಳುವನಿಗೂ ಕೊಂಕಣಿಗನಿಗೂ ಬ್ಯಾರಿಗೂ ನಡುವೆ ಕನ್ನಡ ಕೂಡಿ ಓದುವ ನುಡಿಯಾಯಿತು. ಆದ್ದರಿಂದ ‘ಮಾತೃಭಾಷೆಯ ಅಭಿಮಾನ’ ಎಂಬ ಒಂದೇ ಗೂಟಕ್ಕೆ ಗಡಿನಾಡಿನ ಕನ್ನಡವನ್ನು ಕಟ್ಟುವುದು ತಪ್ಪು. ರಕ್ತದ ಹಕ್ಕಿನಿಂದಲ್ಲ, ರೂಢಿಯಿಂದ ನಿಂತ ಭಾಷೆಯಿದು. ರೂಢಿ ತಪ್ಪಿದರೆ ಅದನ್ನು ಹಿಡಿದು ನಿಲ್ಲಿಸಲು ಬೇರೇನೂ ಇಲ್ಲ.

ಎರಡನೆಯ ಪಾಠ ಕಹಿಯಾದುದು. ಕಡಲಾಚೆಯಲ್ಲಿ ಸಂಪ್ರದಾಯ ಉಳಿಯಿತೆಂದು ನಾವು ಸಂತೋಷದಿಂದ ಹೇಳುತ್ತೇವೆ. ಭಾಷೆ ಬಹಳ ಕಡೆ ಉಳಿಯಲಿಲ್ಲವೆಂಬುದನ್ನು ಮೆಲ್ಲನೆ ದಾಟಿಬಿಡುತ್ತೇವೆ. ಟ್ರಿನಿಡಾಡಿನ ‘ಚಟ್ನಿ’ ಸಂಗೀತದಲ್ಲಿ ಭೋಜಪುರಿಯ ಪದಗಳು ಕುಣಿಯುತ್ತವೆ, ಆದರೆ ಹಾಡುವವರಲ್ಲೂ ಕುಣಿಯುವವರಲ್ಲೂ ಆ ನುಡಿಯಲ್ಲಿ ಮಾತನಾಡಬಲ್ಲವರು ಇಂದು ವಿರಳ. ನೆಟಾಲಿನ ಭಾರತೀಯರ ಮನೆಗಳಲ್ಲಿ ತಮಿಳು, ತೆಲುಗು, ಭೋಜಪುರಿಗಳ ಸ್ಥಾನವನ್ನು ಇಂಗ್ಲಿಷ್ ಆಕ್ರಮಿಸಿದೆ; ಕಾವಡಿ ಹೊರುವುದು, ಕೆಂಡ ಹಾಯುವುದು ಮಾತ್ರ ನಡೆದಿದೆ. ಮಾರಿಷಸ್ಸಿನಲ್ಲಿ ಯುಗಾದಿಗೆ ಸರ್ಕಾರಿ ರಜೆಯಿದೆ, ಶಾಲೆಗಳಲ್ಲಿ ಹಿಂದಿ, ತಮಿಳು, ತೆಲುಗು, ಮರಾಠಿ, ಉರ್ದುಗಳ ಪಾಠವಿದೆ. ಮನೆಯ ಮಾತು ಮಾತ್ರ ಬಹುಮಟ್ಟಿಗೆ ಕ್ರಿಯೋಲ್ ಆಗಿದೆ. ಭೋಜಪುರಿಯನ್ನು ಮನೆಮಾತೆಂದು ಹೇಳುವವರ ಪಾಲು ಅಲ್ಲಿ ಜನಗಣತಿಯಿಂದ ಜನಗಣತಿಗೆ ಇಳಿಯುತ್ತ ಬಂದಿದೆ. ಈ ಎಲ್ಲ ನಾಡುಗಳ ಅನುಭವವನ್ನು ಒಟ್ಟಿಗಿಟ್ಟು ನೋಡಿದರೆ ನಷ್ಟಕ್ಕೂ ಒಂದು ಕ್ರಮವಿರುವಂತೆ ತೋರುತ್ತದೆ. ಮೊದಲು ಲಿಪಿ ಹೋಗುತ್ತದೆ; ಬಳಿಕ ಮನೆಯ ಸಂಭಾಷಣೆ; ಬಳಿಕ ಹಾಡಿನ ಅರ್ಥ. ಕೊನೆಗೆ ಉಳಿಯುವುದು ಧಾಟಿ, ಉಡುಗೆ, ಅಡುಗೆ, ಆಚರಣೆ. ಆಚರಣೆಗೆ ಭಾಷೆಯಿಲ್ಲದೆ ಬದುಕುವ ಶಕ್ತಿಯಿದೆ. ಸಾಹಿತ್ಯಕ್ಕೆ ಆ ಶಕ್ತಿಯಿಲ್ಲ.

ಇದನ್ನು ನಮ್ಮ ಯಕ್ಷಗಾನಕ್ಕೆ ಅನ್ವಯಿಸಿ ನೋಡಿರಿ. ಕಾಸರಗೋಡಿನ ಕನ್ನಡ ಸುರಕ್ಷಿತವಾಗಿದೆಯೆಂದು ಹೇಳಲು ನಾವು ಮೊದಲು ಬೆರಳು ತೋರುವುದು ಯಕ್ಷಗಾನದ ಕಡೆಗೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನೊಡನೆ ಬೆಸೆದುಕೊಂಡ ರಾಮಾಯಣ ಪ್ರಸಂಗಗಳು, ತೆಂಕುತಿಟ್ಟಿನ ವೈಭವ, ಮಳೆಗಾಲದ ತಾಳಮದ್ದಳೆ, ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆ: ಇವೆಲ್ಲ ನಮ್ಮ ನೆಲದ ಹಿರಿಮೆ. ಆದರೆ ಈ ಕಲೆಯ ರಚನೆಯನ್ನು ಸ್ವಲ್ಪ ಗಮನಿಸಬೇಕು. ಪದ್ಯ ಲಿಖಿತ, ಅರ್ಥ ಅಲಿಖಿತ. ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿ ಆ ಕ್ಷಣದಲ್ಲೇ ಮಾತು ಕಟ್ಟಬೇಕು. ಅದಕ್ಕೆ ಪುರಾಣದ ತಿಳಿವಳಿಕೆ ಬೇಕು, ಹಳಗನ್ನಡ ನಡುಗನ್ನಡಗಳ ಪದಸಂಪತ್ತು ಬೇಕು, ಎದುರಾಳಿಯ ಮಾತಿನ ಮೊನೆಯನ್ನು ಗ್ರಹಿಸುವ ಕಿವಿ ಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ, ಅದನ್ನು ಅರಿತು ತಲೆದೂಗುವ ಸಭೆ ಬೇಕು. ಭಾಷೆ ತೆಳ್ಳಗಾಗುತ್ತ ಹೋದಂತೆ ಮೊದಲು ಕುಗ್ಗುವುದು ಈ ಅರ್ಥವೇ. ಕಿರೀಟಕ್ಕೆ ಏನೂ ಆಗುವುದಿಲ್ಲ. ಚೆಂಡೆಯ ಪೆಟ್ಟು, ದಿಗಿಣದ ಸುತ್ತು ಮತ್ತಷ್ಟು ಹೆಚ್ಚಬಹುದು. ರಾತ್ರಿಯಿಡೀ ನಡೆಯುತ್ತಿದ್ದ ಆಟ ಕೆಲವೇ ಗಂಟೆಗಳ ಕಾಲಮಿತಿಗೆ ಇಳಿದಾಗ ಕತ್ತರಿ ಬೀಳುವುದು ಹೆಚ್ಚಾಗಿ ಮಾತಿಗೇ. ವೇಷ ಉಳಿದು ಅರ್ಥ ಹೋದ ಯಕ್ಷಗಾನವನ್ನು ನಮ್ಮ ಮೊಮ್ಮಕ್ಕಳು ಹೆಮ್ಮೆಯಿಂದ ನೋಡಬಹುದು. ಆ ಹೆಮ್ಮೆ ಟ್ರಿನಿಡಾಡಿನ ಚಟ್ನಿ ಹಾಡಿಗೆ ಕುಣಿಯುವವನ ಹೆಮ್ಮೆಯೇ ಆಗಿರುತ್ತದೆ. ಅದು ಕೀಳಲ್ಲ. ಆದರೆ ಅದನ್ನು ಕನ್ನಡದ ಉಳಿವೆಂದು ಕರೆಯಲಾಗದು.

ಇಲ್ಲಿಯೇ ಕನ್ನಡವನ್ನು ಐಚ್ಛಿಕವಾಗಿ ಓದುವ ನಿಮ್ಮ ಪಾತ್ರ ಬರುತ್ತದೆ. ‘ಐಚ್ಛಿಕ’ ಎಂಬ ಪದವನ್ನು ನಾವು ಪಠ್ಯಕ್ರಮದ ಪದವಾಗಿ ಬಳಸುತ್ತೇವೆ. ಅದರ ಮೂಲಾರ್ಥ ಇಚ್ಛೆಯಿಂದ ಆರಿಸಿಕೊಂಡದ್ದು ಎಂದು. ಬೇರೆ ದಾರಿ ಸಿಗದೆ ಕನ್ನಡ ಆರಿಸಿಕೊಂಡೆವೆಂದು ನಿಮ್ಮಲ್ಲಿ ಕೆಲವರು ಹೇಳುವುದನ್ನು ಕೇಳಿದ್ದೇನೆ. ಈ ಪದವಿಯಿಂದ ಕೆಲಸ ಸಿಗುತ್ತದೆಯೇ ಎಂಬ ಆತಂಕವನ್ನೂ ಬಲ್ಲೆ. ಅದು ಸುಳ್ಳು ಆತಂಕವಲ್ಲ. ಹೊಟ್ಟೆಪಾಡಿನ ಪ್ರಶ್ನೆಯನ್ನು ಭಾಷಾಭಿಮಾನದ ಮಾತಿನಿಂದ ಮುಚ್ಚಿಬಿಡುವುದು ಹಿರಿಯರಾದ ನಮಗೆ ಶೋಭಿಸುವುದಿಲ್ಲ. ಆದರೆ ಗಿರ್ಮಿಟಿಯರ ಚರಿತ್ರೆ ಓದಿದ ಬಳಿಕ ಒಂದು ವಿಷಯ ನನಗೆ ಸ್ಪಷ್ಟವಾಗಿದೆ. ಬೈಠಕದಲ್ಲಿ ನೂರು ಜನ ಕೇಳುಗರಿದ್ದರೂ ಓದಬಲ್ಲವನು ಒಬ್ಬನಿರಲೇಬೇಕಿತ್ತು. ಅವನಿಲ್ಲದ ತೋಟದಲ್ಲಿ ರಾಮಾಯಣ ಒಂದು ತಲೆಮಾರಿನಲ್ಲೇ ಬರಿಯ ನೆನಪಾಗುತ್ತಿತ್ತು. ನಮ್ಮ ಊರುಗಳಲ್ಲಿ ಆ ಒಬ್ಬ ಓದುಗ ಯಾರು? ಪಂಪನನ್ನೂ ಕುಮಾರವ್ಯಾಸನನ್ನೂ ಬಿಡಿಸಿ ಓದಬಲ್ಲ, ಹಳೆಯ ಮೋಡಿ ಬರಹದ ಕಾಗದವನ್ನು ಅರ್ಥಮಾಡಿಕೊಳ್ಳಬಯಸುವ, ತಾಳಮದ್ದಳೆಯಲ್ಲಿ ಒಂದು ಪದದ ಶ್ಲೇಷೆಯನ್ನು ಹಿಡಿಯಬಲ್ಲ ಆ ಒಬ್ಬರು ಮುಂದೆ ನಿಮ್ಮೊಳಗಿನಿಂದಲೇ ಬರಬೇಕು. ಬೇರೆ ಯಾವ ವಿಭಾಗವೂ ಅವರನ್ನು ಸಿದ್ಧಪಡಿಸುವುದಿಲ್ಲ.

ಇದಕ್ಕೊಂದು ಆಕ್ಷೇಪವಿದೆ. ಭಾಷೆ ಉಳಿಯುವುದು ಹಕ್ಕುಗಳಿಂದ, ಕಾನೂನಿನಿಂದ; ಬಡ ವಿದ್ಯಾರ್ಥಿಯ ಹೆಗಲಿಗೆ ಈ ಹೊರೆಯೇಕೆ ಎಂದು ಕೇಳಬಹುದು. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಒದಗಿಸಬೇಕೆನ್ನುತ್ತದೆ. 350ಬಿ ವಿಧಿಯು ಅವರ ಹಿತ ನೋಡಲು ವಿಶೇಷ ಅಧಿಕಾರಿಯನ್ನು ನೇಮಿಸಬೇಕೆನ್ನುತ್ತದೆ. ಇವೆರಡೂ ರಾಜ್ಯಗಳ ಮರುವಿಂಗಡಣೆಯ ವರ್ಷದಲ್ಲೇ, 1956ರ ಏಳನೆಯ ತಿದ್ದುಪಡಿಯ ಮೂಲಕ, ನಮ್ಮಂಥವರನ್ನು ಗಮನದಲ್ಲಿಟ್ಟು ಸೇರಿಸಿದ ವಿಧಿಗಳು. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಕನ್ನಡ ಬಲ್ಲ ಶಿಕ್ಷಕರಿಗಾಗಿ, ಕನ್ನಡದ ಅರ್ಜಿ ನಮೂನೆಗಳಿಗಾಗಿ ಮತ್ತೆ ಮತ್ತೆ ದನಿಯೆತ್ತುವುದು ಅಗತ್ಯ. ಗಿರ್ಮಿಟಿಯರಿಗೆ ಇಂಥ ಯಾವ ವಿಧಿಯೂ ಇರಲಿಲ್ಲ. ಅವರ ನುಡಿಗಳು ಅಳಿಯಲು ಅದೂ ಒಂದು ಕಾರಣವೆಂಬುದನ್ನು ಮರೆಯಬಾರದು. ಆದರೆ ಉಳಿದ ಅರ್ಧ ಸತ್ಯವನ್ನು ಮಾರಿಷಸ್ ಹೇಳುತ್ತದೆ. ಅಲ್ಲಿ ಶಾಲೆಯಲ್ಲಿ ಪಾಠವಿದೆ, ಸರ್ಕಾರದ ಬೆಂಬಲವಿದೆ, ಹಬ್ಬಕ್ಕೆ ರಜೆಯಿದೆ. ಹಾಗಿದ್ದೂ ಮಾತು ಮನೆಯಿಂದ ಸರಿಯುತ್ತಿದೆ. ಹಕ್ಕು ಬಾಗಿಲನ್ನು ತೆರೆದಿಡಬಲ್ಲದು. ಒಳಗೆ ಬಂದು ಕೂರುವವರು ಇಲ್ಲದಿದ್ದರೆ ತೆರೆದ ಬಾಗಿಲಿನಿಂದ ಪ್ರಯೋಜನವೇನು?

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಯೋಜನೆಗಳ ಮಾತು ಬೇಡ. ನಮ್ಮವರೇ ತೋರಿಸಿದ ದಾರಿಯೊಂದಿದೆ. ಕಳೆದ ಶತಮಾನದಲ್ಲಿ ದಕ್ಷಿಣ ಕನ್ನಡದಿಂದ ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರು ರಾತ್ರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದರು. ಆ ಶಾಲೆಗಳನ್ನು ಕಟ್ಟಿದವರು ಅವರಿಗಿಂತ ಸ್ವಲ್ಪ ಮುಂಚೆ ಅದೇ ದಾರಿಯಲ್ಲಿ ಬಂದಿದ್ದ ಊರಿನವರೇ. ಹಗಲಿನ ದುಡಿಮೆ ಮುಗಿಸಿ ಕಣ್ಣು ಎಳೆಯುತ್ತಿದ್ದರೂ ಅಕ್ಷರ ತಿದ್ದಿದ ಆ ಹುಡುಗರಿಂದಲೇ ಮುಂಬಯಿಯಲ್ಲಿ ಕನ್ನಡದ ಓದುಗವರ್ಗ ಬೆಳೆಯಿತು. ಕೇರಳದಲ್ಲಿರುವ ನಮಗೆ ಇನ್ನೊಂದು ಅನುಕೂಲವೂ ಇದೆ. 1945ರಲ್ಲಿ ತಿರುವಾಂಕೂರಿನಲ್ಲಿ ಪಿ. ಎನ್. ಪಣಿಕ್ಕರ್ ಅವರು ಆರಂಭಿಸಿದ ಗ್ರಂಥಾಲಯ ಚಳವಳಿಯ ಫಲವಾಗಿ ಹಳ್ಳಿಹಳ್ಳಿಗೂ ವಾಚನಾಲಯ ಬಂದ ರಾಜ್ಯವಿದು. ಊರಿನ ಗ್ರಂಥಾಲಯವೆಂಬುದು ನಮ್ಮ ಬೈಠಕವೇ ಆಗಬಹುದು. ವಾರಕ್ಕೊಂದು ಸಂಜೆ ಅಲ್ಲಿ ಒಬ್ಬರು ಗಟ್ಟಿಯಾಗಿ ಓದಿ ನಾಲ್ವರು ಕೇಳಿದರೆ ಸಾಕು. ತಾಳಮದ್ದಳೆಗೆ ಹೋದಾಗ ಮೊಬೈಲಿನಲ್ಲಿ ಚಿತ್ರ ತೆಗೆದು ಮರಳುವ ಬದಲು ಒಂದು ಸಣ್ಣ ಪಾತ್ರದ ಅರ್ಥ ಹೇಳಲು ಕುಳಿತುಕೊಳ್ಳಿರಿ. ತಪ್ಪಿದರೂ ಚಿಂತೆಯಿಲ್ಲ. ಮಲಯಾಳ ಮಾಧ್ಯಮದಲ್ಲಿ ಓದುತ್ತಿರುವ ತಮ್ಮನಿಗೋ ನೆರೆಮನೆಯ ಹುಡುಗಿಗೋ ರಜೆಯಲ್ಲಿ ಕನ್ನಡ ಅಕ್ಷರಮಾಲೆ ಕಲಿಸಿರಿ. ಮಲಯಾಳವನ್ನು ನೀವೂ ಚೆನ್ನಾಗಿ ಕಲಿಯಿರಿ. ಎರಡು ನುಡಿಗಳ ನಡುವೆ ಅನುವಾದಿಸಬಲ್ಲವರಿಗೆ ಗಡಿನಾಡಿನಲ್ಲಿ ಕೆಲಸವೂ ಇದೆ, ಗೌರವವೂ ಇದೆ. ಒಂದು ಭಾಷೆಯ ದ್ವೇಷದಿಂದ ಇನ್ನೊಂದು ಭಾಷೆ ಎಲ್ಲಿಯೂ ಬದುಕಿದ ನಿದರ್ಶನವಿಲ್ಲ.

ಕೊನೆಯದಾಗಿ ಒಂದು ಕೆಲಸವನ್ನು ಈ ವರ್ಷವೇ ಮಾಡಬಹುದೆಂದು ತೋರುತ್ತದೆ. ವರ್ಕಾಡಿ, ಕೊಡ್ಲಮೊಗರು, ಪಾತೂರು ಮೊದಲಾದ ಊರುಗಳ ಹಿರಿಯರಲ್ಲಿ ಘಟ್ಟಕ್ಕೆ 간ದವರ ನೆನಪು ಇನ್ನೂ ಇರುವವರು ಇದ್ದಾರೆ. ಯಾರು ಹೋದರು, ಯಾವ ಮೇಸ್ತ್ರಿಯ ಜೊತೆ ಹೋದರು, ತೋಟದ ಸಾಲುಮನೆಗಳಲ್ಲಿ ಯಾವ ಪಾಡ್ದನ ಹಾಡಿಕೊಂಡರು, ಊರಿನ ದೈವಕ್ಕೆ ಅಲ್ಲಿಂದಲೇ ಹೇಗೆ ಹರಕೆ ಸಲ್ಲಿಸಿದರು ಎಂಬುದನ್ನು ಕೇಳಿ ಬರೆದುಕೊಳ್ಳಿರಿ. ಅವರು ತುಳುವಿನಲ್ಲಿ ಹೇಳುತ್ತಾರೆ. ನೀವು ಕನ್ನಡ ಲಿಪಿಯಲ್ಲಿ ಬರೆಯುತ್ತೀರಿ. ಈ ನೆಲದಲ್ಲಿ ಕನ್ನಡ ಲಿಪಿ ಯಾವಾಗಲೂ ಮಾಡಿಕೊಂಡು ಬಂದ ಕೆಲಸವೇ ಅದು. ಫಿಜಿಯ ಸಂಕಟಕ್ಕೆ ಒಬ್ಬ ತೋತಾರಾಮರಿದ್ದರು. ಘಟ್ಟ ಹತ್ತಿದವರ ಕಥೆಯನ್ನು ಕಾರಂತರು ಹೊರಗಿನಿಂದ ಕಂಡು ಬರೆದರು. ಒಳಗಿನಿಂದ ಹೇಳಬಲ್ಲವರ ಮಾತು ಇನ್ನೂ ಬರಹಕ್ಕೆ ಇಳಿಯಬೇಕಾಗಿದೆ. ಹೇಳುವವರ ವಯಸ್ಸು ನಮಗಾಗಿ ಕಾಯುವುದಿಲ್ಲ.

ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಚೋಮನ ಮಕ್ಕಳು ಹಡಗು ಹತ್ತಿದ್ದರೆ ದುಡಿಯನ್ನು ಒಯ್ಯುತ್ತಿದ್ದರೋ ಇಲ್ಲವೋ ತಿಳಿಯದು. ಒಯ್ಯದಿದ್ದರೂ ಅಲ್ಲಿ ಸಿಕ್ಕಿದ ಮರ, ಸಿಕ್ಕಿದ ತೊಗಲಿನಿಂದ ಮತ್ತೊಂದನ್ನು ಮಾಡಿಕೊಳ್ಳುತ್ತಿದ್ದರು. ಅದರ ನಾದ ಸ್ವಲ್ಪ ಬೇರೆಯಾಗಿರುತ್ತಿತ್ತು. ಅದು ಉಳಿಯುತ್ತಿದ್ದುದು ಅದನ್ನು ಪ್ರತಿ ಸಂಜೆ ಬಾರಿಸುವ ಕೈ ಮತ್ತು ಎದುರಿಗೆ ಕುಳಿತು ಕೇಳುವ ಮಕ್ಕಳು ಇದ್ದರೆ ಮಾತ್ರ. ಊರಿನಲ್ಲೇ ಉಳಿದ ಚೋಮನಿಗೆ ದುಡಿಯಿತ್ತು, ಕೈಯಿತ್ತು. ಕೊನೆಗೆ ಕೇಳುವ ಮಕ್ಕಳು ಹತ್ತಿರವಿರಲಿಲ್ಲ. ಗಡಿ ದಾಟದೆ ಊರಿನಲ್ಲೇ ಉಳಿದಿರುವ ನಮ್ಮ ಕನ್ನಡಕ್ಕೆ ಆ ಗತಿ ಬಾರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.